ಸಣ್ಣ ಮೂಗು

“ಬಾಯಿ ಮುಚ್ಚಿ, ಉಸಿರು ಹಿಡಿಯಿರಿ.” ಡಾಕ್ಟರಮ್ಮ ಅವಳ ಮೂಗಿನ ಹೊಳ್ಳೆಗೆ ಅಳತೆಯ ಕೊಳವೆ ಒತ್ತಿದರು. ಯಂತ್ರ ಟಿಕ್ ಎಂದು ನಿಂತಿತು. ಅವಳು ಉಸಿರು ಬಿಡಲೇ ಇಲ್ಲ.

“ಸಾಕು, ಬಿಡಿ. ಇಷ್ಟು ಹೊತ್ತು ಯಾರೂ ಹಿಡಿಯಲ್ಲ. ಅಭ್ಯಾಸ ಇದೆಯಾ?”

“ಗೇಟಿನ ಹತ್ರ ನಮ್ಮನೆಯವರ ಬೈಕ್ ನಿಂತಾಗೆಲ್ಲ ಹಿಡೀತೀನಿ,” ಎಂದಳು ಮೆಲ್ಲಗೆ.

ಪರದೆಯಾಚೆಯಿಂದ ಆರಡಿಯ ಗಂಡ ಕೂಗಿದ: “ಕಡಲೆಕಾಳಿನಷ್ಟು ಮೂಗು, ಡಾಕ್ಟ್ರೇ. ಮನೇಲಿ ಉಸಿರು ಕಟ್ಟುತ್ತೆ ಅಂತ ಆರು ವರ್ಷದಿಂದ ಇದೇ ಗೋಳು. ಕೊಯ್ದು ದೊಡ್ಡದು ಮಾಡ್ಬಿಡಿ.”

ಡಾಕ್ಟರಮ್ಮ ಯಂತ್ರ ತೋರಿಸಿದ ಗೆರೆಯನ್ನೂ ಅವಳ ಎತ್ತರ, ತೂಕ ಬರೆದ ಚೀಟಿಯನ್ನೂ ಹೋಲಿಸಿದರು.

“ಮೈ ಸಣ್ಣದು, ಉಸಿರಿನ ದಾರಿಯೂ ಸಣ್ಣದು. ನಿಮಗೆ ಎಷ್ಟು ಬೇಕೋ ಅಷ್ಟಿದೆ. ಮೂಗಲ್ಲಿ ಯಾವ ದೋಷವೂ ಇಲ್ಲ.”

“ಇನ್ನೊಂದ್ಸಲ ಹೇಳ್ತೀರಾ?”

“ನಿಮ್ಮ ಮೂಗಲ್ಲಿ ಯಾವ ದೋಷವೂ ಇಲ್ಲಮ್ಮ.”

ಗಂಡ ಪರದೆ ಸರಿಸಿ ಒಳಬಂದ. “ಕೇಳಿಸ್ತಾ? ಏನೂ ಇಲ್ವಂತೆ. ನಡಿ ಮನೆಗೆ.” ಹೆಲ್ಮೆಟ್ ಅವಳತ್ತ ಚಾಚಿದ.

ಅವಳು ಕೈ ನೀಡಲಿಲ್ಲ. ಮೂಗಿನ ತುಂಬ ಒಮ್ಮೆ ಉಸಿರೆಳೆದುಕೊಂಡಳು.

“ನಾನು ಬರಲ್ಲ.”