ಐದನೆಯ ಕೂಗು

ಒಂದೊಂದು ಫೋಟೋ ತೆಗೆದಾಗಲೂ ಕಾಡಿನ ಬೆಳಕು ಅಷ್ಟಷ್ಟು ಕಡಿಮೆಯಾಗುವ ಕಾಲ ಅದು. ಹಾಗಾಗಿ ಸೌದೆಗೆ ಹೋದವರೆಲ್ಲ ಆನೆದಾರಿ ದಾಟಿ ಕೂಗು ಹಾಕುವವರೆಗೂ ಸಂಜೆ ಯಾರೂ ಕ್ಯಾಮೆರಾ ಮುಟ್ಟುವಂತಿರಲಿಲ್ಲ.

ಇವತ್ತು ಹೋದವರು ಐವರು. ಕೇಳಿಸಿದ್ದು ನಾಲ್ಕೇ ಕೂಗು. ಹೊಳೆಯ ದಡದಲ್ಲಿ ಜೀಪಿನೊಳಗೆ ಕೂತಿದ್ದ ಫೋಟೋಗ್ರಾಫರ್ ವಿಭವ ಚಡಪಡಿಕೆ ತಾಳಲಾರದೆ ಕೊಕ್ಕರೆಯೊಂದರ ಫೋಟೋ ಹೊಡೆದೇಬಿಟ್ಟ. ಎದುರು ದಡ ಥಟ್ಟನೆ ಮಬ್ಬಾಯಿತು.

“ಏನ್ ಸಾ, ಕೊಕ್ಕರೆಗೆ ಇಷ್ಟು ಬೆಳಕು ಖರ್ಚು ಮಾಡ್ಬುಟ್ರಲ್ಲ!” ಎಂದ ಜೀಪು ಓಡಿಸುವ ಚಲುವಯ್ಯ. “ನಮ್ಮತ್ತೆ ಇನ್ನೂ ದಾಟಿಲ್ಲ.”

ಅಷ್ಟರಲ್ಲಿ ಹುಲಿ ನೀರಿಗಿಳಿಯಿತು. ವಿಭವ ಮೂರು ವರ್ಷ ಕಾದ ಹುಲಿ. ಉಳಿದ ಬೆಳಕು ಒಂದೇ ಫೋಟೋಗೆ ಸಾಕು. ತೆಗೆದರೆ ಆಚೆ ದಡದ ಆನೆದಾರಿ ಪೂರ್ತಿ ಕತ್ತಲು.

“ಒಂದೇ ಒಂದು, ಚಲುವಯ್ಯ.”

“ಹೊಡೀರಿ ಸಾ. ಆಮೇಲೆ ನಮ್ಮನೆಯವಳಿಗೆ ನೀವೇ ಬಂದು ಹೇಳಿ.”

ವಿಭವ ಬೆರಳನ್ನು ಗುಂಡಿಯ ಮೇಲಿಟ್ಟ. ಕೊನೆಗೆ ಕ್ಯಾಮೆರಾವನ್ನು ಮಡಿಲಿಗಿಳಿಸಿ, ಬಲಗೈಯನ್ನು ತೊಡೆಯ ಕೆಳಗಿಟ್ಟು ಅದರ ಮೇಲೆಯೇ ಕೂತುಬಿಟ್ಟ. ಹುಲಿ ನಿಧಾನವಾಗಿ ಕುಡಿಯುತ್ತಿತ್ತು. ಹೊತ್ತು ಮುಳುಗುತ್ತಿದ್ದಂತೆ ಅದರ ಪಟ್ಟೆಗಳು ಒಂದೊಂದಾಗಿ ನೀರಿನ ಬಣ್ಣಕ್ಕೆ ತಿರುಗಿದವು.

“ಕೂ...” ಆಚೆ ದಡದಿಂದ ಮುದುಕಿಯ ಕೂಗು ಬಂತು.

“ಈಗ ಹೊಡೀರಿ ಸಾ!”

ವಿಭವ ಕೈ ಎಳೆದುಕೊಂಡ. ಅದಕ್ಕೆ ಜೋಮು ಹಿಡಿದಿತ್ತು. ಕತ್ತಲೊಳಗೆ ನೀರು ನೆಕ್ಕುವ ಸದ್ದು ಮಾತ್ರ ಇನ್ನೂ ಕೇಳುತ್ತಿತ್ತು.