ಓದಿಸಿದ ಸಕ್ಕರೆ

ಬಣ್ಣದವರ ಮನೆಯಿಂದ ತಂದ ಕೆಂಪು ನೂಲಿನ ಲಡಿಗಳನ್ನು ಎದೆಗವಚಿಕೊಂಡು ಮನೆಗೆ ಹೊರಟಿದ್ದ ಪದ್ಮವ್ವ, ಇಳಕಲ್ಲಿನ ಪೇಟೆಯ ನೆಟ್ಟಗಿನ ದಾರಿ ಬಿಟ್ಟು, ಅಕ್ಕನಂತಿದ್ದ ಖೈರುನ್‌ಬಿಯ ಓಣಿಗೆ ತಿರುಗಿಬಿಟ್ಟಳು. ಎರಡೂ ಮನೆಯ ಗಂಡಸರ ನಡುವೆ ಜಗಳವಾದಂದಿನಿಂದ ಗಂಡ ಕಾಳಪ್ಪ ಆ ಓಣಿಗೆ ಕಾಲಿಡಬೇಡ ಎಂದಿದ್ದ. ಈ ಸಲ ಮೊಹರಮ್ಮಿಗೂ ಬಿಟ್ಟಿರಲಿಲ್ಲ. ಮಗಳು ನಡೆದರೆ ಆ ಓಣಿಯ ಅಲಾಯಿ ದೇವರ ಮುಂದೆ ಸಕ್ಕರೆ ಇಟ್ಟು ಮುಲ್ಲಾನಿಂದ ಓದಿಸುತ್ತೇನೆಂದು ಅವಳು ಹರಕೆ ಹೊತ್ತಿದ್ದಳು. ಮಗಳೀಗ ಮಗ್ಗದ ಕಂಬ ಬಿಟ್ಟು ನಡೆಯುತ್ತಿದ್ದಳು.

ಓಣಿಯ ಒಂದು ಬದಿಗೆ ಲಾಳಿಯ ಸದ್ದು, ಇನ್ನೊಂದು ಬದಿಗೆ ಅಲಾಯಿ ಹಾಡು ಕಲಿಯುವವರ ಹಲಗೆಯ ಬಡಿತ. ಗೊತ್ತಿದ್ದ ಸೊಲ್ಲು ತುಟಿಗೆ ಬಂದಾಗ ಪದ್ಮವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಕಟ್ಟೆಯ ಮೇಲೆ ಕುಳಿತ ಖೈರುನ್‌ಬಿ ಬೆಲ್ಲದ ಹಿಟ್ಟನ್ನು ಹೂಬಳ್ಳಿ ಕೆತ್ತಿದ ಮಣೆಗೆ ಒತ್ತಿ, ಹಂಚಿನ ಮೇಲೆ ಬೇಯಿಸಿ ಮೊಹರಮ್ಮಿನ ಸಿಹಿರೊಟ್ಟಿ ಚೋಂಗೆ ಮಾಡುತ್ತಿದ್ದಳು.

"ಬಾರವ್ವಾ, ದಾರಿ ತಪ್ಪಿ ಬಂದಿಯೇನ?"

"ಹಂಗಲ್ಲಕ್ಕಾ, ನನ್ನ ಸಕ್ಕರಿ..."

"ನಿನ್ನ ಗಂಡ ಬಿಡಂಗಿಲ್ಲಂತ ಗೊತ್ತಿತ್ತು. ನಿನ್ನೆ ನಾನಽ ನಿನ್ನ ಮಗಳ ಹೆಸರಲೆ ಓದಿಸೇನಿ. ದೇವರಿಗೆ ಯಾರ ಕೈ ಆದ್ರೇನು?" ಎಂದು ಖೈರುನ್‌ಬಿ ಬಿಸಿ ಚೋಂಗೆಯೊಂದನ್ನು ಅವಳ ಕೈಗಿಟ್ಟಳು.

ಹರಕೆ ತೀರಿತೆಂದು ಪದ್ಮವ್ವನಿಗೆ ಹಗುರಾಗಬೇಕಿತ್ತು. ಆಗಲಿಲ್ಲ. ಹೆತ್ತವಳು ತಾನಿದ್ದೂ ಹರಕೆ ಬೇರೆಯವಳ ಕೈಯಿಂದ ತೀರಿತ್ತು. ಮನೆಗೆ ಒಯ್ಯುವಂತಿರದ ಚೋಂಗೆಯನ್ನು ನಿಂತಲ್ಲೇ ಪೂರ್ತಿ ತಿಂದಳು.

"ಇಷ್ಟೊತ್ತ್ಯಾಕ?" ಎಂದು ಅವಳು ಮನೆಗೆ ಬಂದೊಡನೆ ಕಾಳಪ್ಪ ಮಗ್ಗದ ಕುಣಿಯಿಂದಲೇ ಕೇಳಿದ.

"ಬಣ್ಣ ಆರಿರಲಿಲ್ಲರಿ," ಎನ್ನುತ್ತ ಪದ್ಮವ್ವ ಲಡಿಗಳನ್ನು ಗೂಟಕ್ಕೆ ಹಾಕಿದಳು. ನಾಳೆ ಮಗಳನ್ನು ಕಂಕುಳಿಗೆ ಎತ್ತಿಕೊಳ್ಳದೆ, ಕೈ ಹಿಡಿದು ನಡೆಸಿಕೊಂಡೇ ಆ ಓಣಿಯ ದೇವರ ಮುಂದೆ ಹೋಗುವುದೆಂದು ಅವಳ ಮನಸ್ಸು ಆಗಲೇ ಗಟ್ಟಿಯಾಗಿತ್ತು.