ಫೋಟೊ ಗೋಡೆ

"ಓದು ಬಿಟ್ರೆ ಏನಾಗ್ತಾರೆ ಅಂತ ಯಾರಾದ್ರೂ ನೋಡ್ಬೇಕಾ? ಇಗೋ, ಇವನನ್ನ ನೋಡ್ಕೊಳ್ಳಿ," ಎಂದರು ಚಿಕ್ಕಪ್ಪ, ಟೀ ಲೋಟ ಹಿಡಿದ ಕೈಯಿಂದಲೇ ಅವನತ್ತ ತೋರಿಸಿ. "ನಮ್ಮಣ್ಣನ ಮಗ. ತಲೆಗೆ ಏನೂ ಹತ್ತಲಿಲ್ಲ, ಕೈಗೆ ಸಿಮೆಂಟು ಹತ್ತಿತು."

ಹಳೆಯ ಲಾಂಡ್ರಿ ಕಟ್ಟಡದ ಹಜಾರದಲ್ಲಿ ಬಣ್ಣ ಬಳಿಯುತ್ತ, ನೆಲ ಉಜ್ಜುತ್ತ ಇದ್ದವರೆಲ್ಲ ನಕ್ಕರು. ಚಿಕ್ಕಪ್ಪ ಸಮಿತಿಯ ಅಧ್ಯಕ್ಷರೆಂದು ಕೆಲವರು, ನಕ್ಕವರನ್ನು ನೋಡಿ ಉಳಿದವರು. ಎಲ್ಲರೂ ಬಿಟ್ಟಿ ಕೆಲಸಕ್ಕೆ ಬಂದವರೇ. ಪರದೇಶದಲ್ಲಿ ಬೆಳೆಯುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಕೂರಲು, ಕಲಿಯಲು ಒಂದು ಸೆಂಟರಾಗಲಿ ಎಂದು ರಜೆಯ ದಿನದ ನಿದ್ದೆ ಬಿಟ್ಟು ಬಂದವರು. ಅವನು ನಗಲಿಲ್ಲ. ಹಿಂದಿನ ಕೋಣೆಗೆ ಹೋಗಿ ಗೋಡೆಯ ಮುಂದೆ ನಿಂತ.

ಆ ಗೋಡೆಗೆ ಹೊಸ ಗಾರೆ ಹಾಕಿ ಕನ್ನಡಿಯ ಹಾಗೆ ನುಣುಪು ಮಾಡಿಕೊಡಬೇಕೆಂದು ಚಿಕ್ಕಪ್ಪನ ಅಪ್ಪಣೆ. ನಮ್ಮವರ ಮಕ್ಕಳಲ್ಲಿ ಡಾಕ್ಟರಾದವರು, ಎಂಜಿನಿಯರಾದವರು, ಪದಕ ತಂದವರು, ಎಲ್ಲರ ಫೋಟೊ ಅಲ್ಲಿ ಸಾಲಾಗಿ ಬರಬೇಕು. ಚೌಕಟ್ಟುಗಳನ್ನು ಆಗಲೇ ಮೂಲೆಯಲ್ಲಿ ಪೇರಿಸಿದ್ದರು. ಆದರೆ ಬೆಳಿಗ್ಗೆ ಹಳೆಯ ಗಾರೆ ಕೆರೆದಾಗ ಗೋಡೆಯೊಳಗಿಂದ ಒಂದು ಬಾಗಿಲು ಎದ್ದು ಬಂದಿತ್ತು. ಮೇಲೆ ಕಲ್ಲಿನ ತೊಲೆ, ಕೆಳಗೆ ಸವೆದ ಹೊಸ್ತಿಲು, ನಡುವೆ ಯಾರೋ ಯಾವಾಗಲೋ ತುಂಬಿದ ಇಟ್ಟಿಗೆ. ಲಾಂಡ್ರಿಯವರು ಬಟ್ಟೆಯ ಗಂಟು ಹೊತ್ತು ಓಡಾಡಿದ ದಾರಿ ಇರಬೇಕು.

ಅದರಾಚೆ ಹಿಂದಿನ ಬೀದಿ. ಬೀದಿಯ ಆ ಬದಿಗೆ ಮುಚ್ಚಿದ ಅಂಗಡಿಯ ಮೆಟ್ಟಿಲು. ಕಾಲೇಜು ಬಿಟ್ಟವರು, ಕೆಲಸ ಸಿಗದವರು ಇಡೀ ದಿನ ಕೂರುವುದು ಅಲ್ಲೇ. ಒಂದು ಕಾಲಕ್ಕೆ ಅವನೂ ಕೂತವನೇ. ಸೆಂಟರು ಇಂಥವರಿಗಾಗಿಯೇ ಎಂದು ಸಮಿತಿ ಡಂಗುರ ಸಾರಿತ್ತು. ಆದರೆ ಮುಂಬಾಗಿಲಲ್ಲಿ ಚಿಕ್ಕಪ್ಪನ ಮೇಜು. ಬಂದವರ ಮೇಲೆ ಮೊದಲು ಬೀಳುವ ಪ್ರಶ್ನೆ, "ಏನು ಓದ್ತಿದೀಯ?" ಮೆಟ್ಟಿಲಿನವರಲ್ಲಿ ಒಬ್ಬರೂ ಆ ಮೇಜು ದಾಟಿ ಬಂದಿರಲಿಲ್ಲ. ದಾಟಿ ಬಂದರೂ ಇನ್ನು ಈ ಫೋಟೊಗಳು, ಗಾಯದ ಮೇಲೆ ಬರೆ.

ಗಾರೆಯ ಬಾಂಡ್ಲಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. ತೊಲೆಯನ್ನು ತಟ್ಟಿ ನೋಡಿದ. ಗಟ್ಟಿಯಾಗಿತ್ತು. ದೊಡ್ಡ ಸುತ್ತಿಗೆ ಎತ್ತಿ ಬೀಸಿದ.

ಸದ್ದಿಗೆ ಮೊದಲು ಓಡಿ ಬಂದವಳು ಮರಗೆಲಸದ ಅಕ್ಕ. "ಏನೋ ಇದು! ಗಾರೆ ಹಾಕು ಅಂದ್ರೆ ಗೋಡೆನೇ ಬೀಳಿಸ್ತಿದೀಯಲ್ಲೋ!"

"ಗೋಡೆ ಅಲ್ಲಕ್ಕ, ಬಾಗಿಲು."

ಅಕ್ಕ ತಲೆ ಎತ್ತಿ ತೊಲೆ ನೋಡಿದಳು. "ಒಡೆದೋರೇ ಕಟ್ಟಬೇಕು, ಗೊತ್ತು ತಾನೆ? ಕೈ ಹಾಕಿದ ಮೇಲೆ ಈ ಕೋಣೆ ಪೂರ್ತಿ ನಿನ್ನ ತಲೆ ಮೇಲೆ. ಆಮೇಲೆ ಸೊಂಟ ನೋವು ಅಂದ್ರೆ ನಾನು ಕೇಳಲ್ಲ."

ಮೊದಮೊದಲು ಎಲ್ಲರೂ ಹುಮ್ಮಸ್ಸಿನಲ್ಲಿ ಕೆಡವಿದ್ದೇ ಕೆಡವಿದ್ದು, ಕಟ್ಟುವುದಕ್ಕೆ ಮಾತ್ರ ಒಬ್ಬರೂ ಇಲ್ಲ. ಆಗ ಮಾಡಿಕೊಂಡ ಕಟ್ಟಳೆ ಅದು: ಒಡೆದವರದೇ ಆ ಕೋಣೆಯ ಹೊಣೆ, ಅಲ್ಲಿ ಅವರದೇ ಮಾತು. ಮಾಡಿದವರು ಚಿಕ್ಕಪ್ಪನೇ.

"ಅದಕ್ಕೇ ಅಕ್ಕ ಒಡೀತಿರೋದು," ಎಂದ.

ಅಷ್ಟರಲ್ಲಿ ಚಿಕ್ಕಪ್ಪ ಬಂದರು. "ನಿಲ್ಸೋ! ನನ್ನ ಮೇಲಿನ ಸಿಟ್ಟನ್ನ ಗೋಡೆ ಮೇಲೆ ತೀರಿಸ್ಕೋತೀಯಾ?"

"ಹೂಂ." ಇನ್ನೊಂದು ಏಟು ಬಿತ್ತು. "ನಿಮ್ಮ ಮೇಲೆ ತೀರಿಸ್ಕೊಳ್ಳೋಕೆ ಆಗಲ್ವಲ್ಲ ಚಿಕ್ಕಪ್ಪ. ದೊಡ್ಡೋರು."

"ಫೋಟೊ ಎಲ್ಲಿ ಹಾಕ್ಲಿ? ನಿನ್ನ ಬೆನ್ನ ಮೇಲಾ?"

"ಅವರವರ ಮನೇಲಿ ಹಾಕ್ಕೊಳ್ಳಲಿ. ಅಲ್ಲಿ ಅವರನ್ನ ಕೂರು ಅನ್ನೋರು ಇದಾರೆ."

ಇಟ್ಟಿಗೆಗಳು ದಬದಬನೆ ಒಳಗೂ ಹೊರಗೂ ಉರುಳಿದವು. ದೂಳು, ಅದರ ಹಿಂದೆಯೇ ಬೀದಿಯ ಬೆಳಕು. ಎದುರು ಮೆಟ್ಟಿಲಲ್ಲಿ ಕೂತಿದ್ದವರು ಕತ್ತು ಚಾಚಿದರು. ಸೈಕಲ್ಲಿನ ಚೈನು ಏರಿಸುತ್ತಿದ್ದ ಹುಡುಗಿಯೊಬ್ಬಳು ಎದ್ದು ಬೀದಿ ದಾಟಿ ಬಂದು ಇಣುಕಿದಳು. ಎಣ್ಣೆಮಸಿಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಒಂದು ಕಾಲು ಹೊಸ್ತಿಲ ಮೇಲಿಟ್ಟಳು.

"ನೀನೇನು ಓದ್ತಿದೀಯಮ್ಮ?" ಎಂದರು ಚಿಕ್ಕಪ್ಪ.

ಬೈಯಬೇಕೆಂದೇನೂ ಅಲ್ಲ, ಅಭ್ಯಾಸ. ಹುಡುಗಿಯ ಕಾಲು ಹಿಂದಕ್ಕೆ ಹೋಯಿತು.

ಅವನು ತನ್ನ ಕೈಗವಸು ಕಳಚಿ ಅವಳತ್ತ ಎಸೆದ. "ಹಾಕ್ಕೋ. ಗಟ್ಟಿ ಇಟ್ಟಿಗೆ ಈ ಕಡೆ ಪೇರಿಸು, ಮುರಿದಿದ್ದು ಆ ಕಡೆ. ಬಾಗಿಲಿನ ಎಡ ಬದಿ ಹೊಸದಾಗಿ ಕಟ್ಟಬೇಕು, ಅದಕ್ಕೆ ಹಳೇ ಇಟ್ಟಿಗೆನೇ ಸಾಕು."

ಅವಳು ಅವನ ಮುಖ ನೋಡಿದಳು, ಚಿಕ್ಕಪ್ಪನ ಮುಖ ನೋಡಿದಳು. ಕೈಗವಸು ಏರಿಸಿಕೊಂಡು ಒಳಗೆ ಬಂದು ಬಗ್ಗಿದಳು. ಅಕ್ಕ ಅಳತೆ ಟೇಪು ಬಿಚ್ಚಿ ತೊಲೆಯ ಕೆಳಗೆ ಹಿಡಿದಳು. ಬಾಗಿಲ ಚೌಕಟ್ಟಿಗೆ.

ಚಿಕ್ಕಪ್ಪ ಆ ಹೊಸ ದಾರಿಯಲ್ಲಿ ಹೋಗಿ ನಿಂತರು. ಬೀದಿ ನೋಡಿದರು, ಮೆಟ್ಟಿಲು ನೋಡಿದರು. ದನಿ ಇಳಿದಿತ್ತು. "ಅಲ್ಲಪ್ಪ, ಮುಂದಿನ ಬಾಗಿಲಲ್ಲಾದ್ರೆ ನಾನು ಕೂತಿರ್ತೀನಿ. ಇಲ್ಲಿ ಬರೋರನ್ನ ನೀನು ಯಾರು, ಏನು ಅಂತ ಕೇಳೋರು ಯಾರು?"

ಅವನು ಒಡಕು ಇಟ್ಟಿಗೆ ತುಂಬಿದ ಕೈಗಾಡಿಯನ್ನು ಎತ್ತಿ ನೇರ ಬಾಗಿಲಿಗೇ ನೂಕಿದ. ಚಿಕ್ಕಪ್ಪ ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕಾಯಿತು. ಗಾಡಿ ಹೊಸ್ತಿಲ ಮೇಲೆ ಒಮ್ಮೆ ಎಗರಿ ಬೀದಿಗಿಳಿಯಿತು. ಅವನು ಅದರ ಹಿಂದೆಯೇ ನಡೆದುಬಿಟ್ಟ. ಅವನು ಹೋದತ್ತಲೇ ನೋಡುತ್ತ ನಿಂತ ಚಿಕ್ಕಪ್ಪನ ಕರಿ ಕೋಟಿನ ಬೆನ್ನ ತುಂಬ ಸುಣ್ಣ ಮೆತ್ತಿತ್ತು. ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಅದು ಕಾಣುತ್ತಿತ್ತು.